ಮೊದಲು ಸೂಜಿ, ಆಮೇಲೆ ಮಾತು

ನಮ್ಮೂರಲ್ಲಿ ಕಳೆದುಹೋದ ವಸ್ತು ಯಾವುದೂ ನಿಜವಾಗಿ ಕಳೆದುಹೋಗುವುದಿಲ್ಲ. ಎಲ್ಲೋ ಒಂದು ಕಡೆ ಬಿದ್ದಿರುತ್ತದೆ, ಮತ್ತು ಅದು ಇಲಿಗಳಿಗೆ ಗೊತ್ತಿರುತ್ತದೆ. ಇಲಿ ಯಾರಿಗಾದರೂ ಕಚ್ಚಿ, ಏಳೆಂಟು ದಿನಕ್ಕೆ ಅವರಿಗೆ ಜ್ವರ ಏರಿತೆಂದರೆ, ಇಲಿಗಳಿಗೆ ಗೊತ್ತಿರುವುದೆಲ್ಲ ಅವರಿಗೂ ಗೊತ್ತಾಗುತ್ತದೆ. ಜ್ವರ ಇರುವಷ್ಟು ಹೊತ್ತು ಅವರು ಸುಳ್ಳು ಹೇಳಲಾರರು. ಬೇಕಾದರೆ ಬಾಯಿ ಮುಚ್ಚಿಕೊಂಡು ಇರಬಹುದು, ಅಷ್ಟೆ. ಇದು ಹೇಗೆ ಎಂದು ನನ್ನನ್ನು ಕೇಳಬೇಡಿ. ನಮ್ಮೂರಲ್ಲಿ ಯಾರೂ ಅದನ್ನು ಕೇಳುವುದಿಲ್ಲ, ಎಲ್ಲರಿಗೂ ಕೇಳಬೇಕಾದ್ದು ಬೇರೆಯೇ ಇರುತ್ತದೆ. ನನ್ನ ಕೀಲಿಕೈ ಎಲ್ಲಿ, ನನ್ನ ಕಿವಿಯೋಲೆ ಎಲ್ಲಿ, ಮಗನ ಶಾಲೆಯ ಟೀಸಿ ಎಲ್ಲಿ.

ಹಾಗಾಗಿ ಇಲ್ಲಿ ಬೆಕ್ಕು ಸಾಕುವವರಿಗೆ ಮರ್ಯಾದೆ ಕಡಿಮೆ. ಇಲಿಬೋನು ಅಂಗಡಿಯಲ್ಲಿ ಸಿಗುತ್ತದೆ, ಜನ ಅದರಲ್ಲಿ ಈರುಳ್ಳಿ ತುಂಬಿಡುತ್ತಾರೆ. ಠಾಣೆಗೆ ಕಳವಿನ ದೂರು ಒಯ್ದರೆ ಹವಾಲ್ದಾರರು ಚಹಾ ಕುಡಿಸಿ, "ಯಾರಿಗರ ಇಲಿ ಕಚ್ಚಲಿ, ನೋಡೂಣು" ಎಂದು ಕಳಿಸಿಬಿಡುತ್ತಾರೆ. ತೀರಾ ಅವಸರವಿದ್ದವರು ಬಿಲದೊಳಗೆ ಬೆರಳಿಟ್ಟುಕೊಂಡು ಕೂತದ್ದನ್ನೂ ನಾನು ನೋಡಿದ್ದೇನೆ. ಇಲಿಗಳಿಗೆ ಗತ್ತು ಜಾಸ್ತಿ, ತಾನಾಗಿ ಕೊಟ್ಟ ಬೆರಳನ್ನು ಅವು ಮುಟ್ಟುವುದಿಲ್ಲ.

ಇನ್ನು ಒಬ್ಬರಿಗೆ ಜ್ವರ ಬಂತೆಂದು ಸುದ್ದಿಯಾದರೆ ಸಾಕು, ಅವರ ಮನೆ ಬಾಗಿಲಿಂದ ಚಪ್ಪಲಿಗಳ ಸಾಲು ಹತ್ತುತ್ತದೆ. ಜನ ನಿಲ್ಲಬೇಕಾಗಿಲ್ಲ, ಚಪ್ಪಲಿ ನಿಂತರೆ ಆಯಿತು. ಒಬ್ಬೊಬ್ಬರು ಕೈಯಲ್ಲಿ ಒಂದು ನಿಂಬೆಹಣ್ಣು ಹಿಡಿದು ಒಳಗೆ ಹೋಗಿ, ಹಾಸಿಗೆಯ ಪಕ್ಕ ಕೂತು, ಒಂದೇ ಒಂದು ಪ್ರಶ್ನೆ ಕೇಳಿ ಎದ್ದು ಬರಬೇಕು. ಸಾಲನ್ನು ನೋಡಿಕೊಳ್ಳುವವನು ಹಿಟ್ಟಿನ ಗಿರಣಿಯ ಗದಿಗೆಪ್ಪ. ಅವನಿಗೆ ಯಾರೂ ಆ ಕೆಲಸ ಕೊಟ್ಟಿರಲಿಲ್ಲ, ಯಾರೂ ಬಿಡಿಸಿಕೊಳ್ಳಲೂ ಇಲ್ಲ.

ನಾನು ಇಲ್ಲಿನ ಸರಕಾರಿ ದವಾಖಾನೆಯ ನರ್ಸು. ಅಪ್ಪ ಅಮ್ಮ ಇಟ್ಟ ಹೆಸರು ಕಸ್ತೂರಿ, ಊರು ಇಟ್ಟ ಹೆಸರು ಸೂಜಿ ಕಸ್ತೂರಿ. ಡಾಕ್ಟರು ಬರುವುದು ಮಂಗಳವಾರ ಮಾತ್ರ, ಉಳಿದ ಆರು ದಿನ ದವಾಖಾನೆ ಅಂದರೆ ನಾನೇ. ಇಲಿ ಕಚ್ಚಿದ ಜ್ವರಕ್ಕೆ ಪೆನ್ಸಿಲಿನ್ ಇದೆ. ಮೊದಲ ಇಂಜೆಕ್ಷನ್ ಬಿದ್ದು ಒಂದು ದಿನ ಕಳೆಯುವುದರೊಳಗೆ ಜ್ವರ ಇಳಿಯುತ್ತದೆ, ಜ್ವರದ ಜೊತೆ ಇಲಿಗಳ ಸುದ್ದಿಯೂ ನಿಲ್ಲುತ್ತದೆ. ಊರಿಗೆ ನನ್ನ ಮೇಲೆ ಸಿಟ್ಟು ಬರಲು ಇಷ್ಟು ಸಾಕಲ್ಲ. ನಾನು ಚೀಲ ಹಿಡಿದು ಓಣಿಯಲ್ಲಿ ಕಂಡರೆ ಸಾಲಿನಲ್ಲಿದ್ದವರು, "ಬಂದ್ಲಪಾ ಬಾಯಿ ಮುಚ್ಚಸಾಕಿ" ಎನ್ನುತ್ತಿದ್ದರು. ನಾನು ಅವರ ಚಪ್ಪಲಿ ತುಳಿದುಕೊಂಡೇ ಒಳಗೆ ಹೋಗುತ್ತಿದ್ದೆ. "ಮೊದಲ ಸೂಜಿ, ಆಮ್ಯಾಲ ಮಾತು" ಎನ್ನುತ್ತಿದ್ದೆ. ಇಪ್ಪತ್ತೊಂದು ವರ್ಷ ಅದನ್ನೇ ಹೇಳಿದ್ದೇನೆ.

ಹಾಗೆ ಹೇಳುವುದಕ್ಕೆ ಕಾರಣವಿತ್ತು. ನಾನು ಕೆಲಸಕ್ಕೆ ಸೇರಿದ ವರ್ಷ ಅಂಚೆಯ ದೇವೇಂದ್ರಪ್ಪನಿಗೆ ಇಲಿ ಕಚ್ಚಿತ್ತು. ಕಚ್ಚಿದ ಗಾಯ ಮಾಯ್ದೇ ಹೋಗಿತ್ತು, ಆಮೇಲೆ ಚಳಿ ಹುಟ್ಟಿ ಜ್ವರ ಏರಿತು, ಅಂಗೈ ಅಂಗಾಲಿನಲ್ಲಿ ಕೆಂಪು ಗುಳ್ಳೆ ಎದ್ದವು, ಕೀಲುಗಳು ಬಾತವು. ಎರಡು ದಿನಕ್ಕೆ ಜ್ವರ ತಾನೇ ಇಳಿಯಿತು, ಜನ ಕೈ ಮುಗಿದರು. ಮತ್ತೆ ಏರಿತು, ಜನ ಮತ್ತೆ ಸಾಲು ಹಚ್ಚಿದರು. ಈ ಜ್ವರದ ಗುಣವೇ ಅದು, ಹೋದಂತೆ ಮಾಡಿ ಬರುತ್ತದೆ. ನಾನು ಹೊಸಬಳು, ಹಿರಿಯರ ಎದುರು ದನಿ ಏರಲಿಲ್ಲ. ಹನ್ನೆರಡು ದಿನದಲ್ಲಿ ದೇವೇಂದ್ರಪ್ಪ ನೂರಾ ನಲವತ್ತು ವಸ್ತು ಹುಡುಕಿಕೊಟ್ಟ, ಹದಿಮೂರನೇ ದಿನ ಅವನ ಎದೆ ನಿಂತಿತು. ಅವನು ಹುಡುಕಿಕೊಟ್ಟ ಓಲೆ ಹಾಕಿಕೊಂಡೇ ಹೆಂಗಸರು ಅವನ ಮಣ್ಣಿಗೆ ಬಂದಿದ್ದರು. ಅವತ್ತಿನಿಂದ ನಾನು ಚಪ್ಪಲಿ ತುಳಿಯಲು ಕಲಿತೆ.

ಈಗ ನನ್ನ ಮನೆಯ ಕಥೆಗೆ ಬರುತ್ತೇನೆ. ನನ್ನ ಮದುವೆಯಾದ ಮೂರನೇ ತಿಂಗಳಲ್ಲಿ ಅತ್ತೆಯ ಬೋರಮಾಳ ಕಳೆಯಿತು. ಬಂಗಾರದ ಗುಂಡಿನ ಸರ, ಅವರ ತಾಯಿ ಕೊಟ್ಟದ್ದು. ಅಕ್ಕಿ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರಂತೆ, ನೋಡಿದರೆ ಬಟ್ಟೆಯೂ ಇಲ್ಲ. ಮನೆಗೆ ಹೊಸದಾಗಿ ಬಂದವಳು ನಾನೊಬ್ಬಳೇ. "ತವರಿಗೆ ಸಾಗಿಸ್ಯಾಳ" ಎಂದು ಅತ್ತೆ ಅಡಿವೆವ್ವ ಅವತ್ತು ಅಂದದ್ದು, ಹತ್ತೊಂಬತ್ತು ವರ್ಷ ಅಂದರು. ಯುಗಾದಿಗೆ ಅಂದರು, ಪಂಚಮಿಗೆ ಉಂಡಿ ಕಟ್ಟುತ್ತಾ ಅಂದರು, ನನ್ನ ಅಪ್ಪ ಸತ್ತಾಗ ಮಾತಾಡಿಸಲು ಬಂದು, ಒಂದು ಗಳಿಗೆ ಅತ್ತು, ಕಣ್ಣೊರೆಸಿಕೊಂಡು ನನ್ನ ತವರಿನ ಅಟ್ಟದ ಕಡೆ ಒಮ್ಮೆ ನೋಡಿದರು. ನನ್ನ ಗಂಡ ಕೊಟ್ರೇಶನನ್ನು ಕೇಳಿದರೆ, "ಅವ್ವನೂ ಸುಳ್ಳು ಹೇಳಾಕಿ ಅಲ್ಲ, ನೀನೂ ಕದಿಯಾಕಿ ಅಲ್ಲ" ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದ. ಎರಡೂ ಕಡೆಯಿಂದ ಬಿಸಿ ರೊಟ್ಟಿ ಬರಬೇಕಲ್ಲ ಅವನಿಗೆ. ಜ್ವರ ಬಂದವರನ್ನು ನಾನೇ ಕೇಳಬಹುದಿತ್ತು ಅನ್ನುತ್ತೀರಿ. ಚಪ್ಪಲಿ ತುಳಿದು ಒಳಗೆ ಹೋದವಳು, ಸೂಜಿ ಚುಚ್ಚುವ ಮೊದಲು "ಒಂದು ನಿಮಿಷ, ನಂದೊಂದು ಪ್ರಶ್ನೆ" ಎಂದರೆ ನನ್ನ ಮಾತಿಗೆ ಏನು ಬೆಲೆ ಉಳಿಯುತ್ತಿತ್ತು? ಅತ್ತೆಯಂತೂ ಕೇಳಲೇ ಇಲ್ಲ. "ಗೊತ್ತಿದ್ದದ್ದನ್ನ ಯಾಕ ಕೇಳ್ಲಿ?" ಎನ್ನುತ್ತಿದ್ದರು.

ಹೋದ ವರ್ಷ ಅತ್ತೆಯ ಕಾಲಿನ ಹೆಬ್ಬೆರಳಿಗೆ ಇಲಿ ಕಚ್ಚಿತು. ಅವರು ನನಗೆ ಹೇಳಲಿಲ್ಲ, "ಮುಳ್ಳು ಚುಚ್ಚೇತಿ" ಅಂದರು, ಸೊಸೆಯ ಕೈಯಿಂದ ಸೂಜಿ ಚುಚ್ಚಿಸಿಕೊಳ್ಳುವ ಹೆಣ್ಣು ಅವರಲ್ಲ. ಒಂಬತ್ತನೇ ದಿನ, ಬುಧವಾರ, ನಾನು ದವಾಖಾನೆಯಲ್ಲಿದ್ದಾಗ ಅವರಿಗೆ ಚಳಿ ಹುಟ್ಟಿತು. ಕೊಟ್ರೇಶ ಓಡಿ ಬಂದು ಹೇಳಿದ. ನಾನು ಚೀಲಕ್ಕೆ ಔಷಧ ಹಾಕಿಕೊಂಡು ಹೊರಟೆ. ನಮ್ಮ ಓಣಿಯ ತಿರುವಿನಲ್ಲೇ ಚಪ್ಪಲಿಗಳ ಬಾಲ ಸಿಕ್ಕಿತು. ರೂಢಿಯಂತೆ ತುಳಿಯುತ್ತಾ ಹೋದೆ.

ಒಳಗೆ ಅತ್ತೆ ಮೂರು ದಿಂಬು ಒರಗಿ ಪಂಚಾಯಿತಿ ಅಧ್ಯಕ್ಷರ ಹಾಗೆ ಕೂತಿದ್ದರು. ಮುಖ ಕೆಂಡ, ಕಣ್ಣಲ್ಲಿ ಖುಷಿ. ಎಪ್ಪತ್ತೆರಡು ವರ್ಷದಲ್ಲಿ ಊರು ಅವರ ಮಾತನ್ನು ಇಷ್ಟು ಗಮನವಿಟ್ಟು ಎಂದೂ ಕೇಳಿರಲಿಲ್ಲ. ಸರದಿ ನೋಡಿಕೊಳ್ಳುವ ನೆಪದಲ್ಲಿ ಮೊದಲ ಪ್ರಶ್ನೆ ಗದಿಗೆಪ್ಪನದೇ. ಎರಡು ವರ್ಷದ ಹಿಂದೆ ಅವನ ಹಲ್ಲಿನ ಸೆಟ್ಟು ಕಳೆದಿತ್ತು, ಅಲ್ಲಿಂದ ಬರೀ ಒಸಡಿನಲ್ಲೇ ಊರನ್ನು ಬೈಯುತ್ತಿದ್ದ.

"ಅಕ್ಕಾ, ನನ್ನ ಹಲ್ಲು ಎಲ್ಲಿ ಅದಾವ?"

"ನಿಮ್ಮ ಅಣ್ಣನ ಬಾಯಾಗ," ಎಂದರು ಅತ್ತೆ.

ಅಣ್ಣ ಮೂರನೇ ಚಪ್ಪಲಿಯವನು. ಅಲ್ಲೇ ಗೋಡೆಗೆ ಒರಗಿ ನಗುತ್ತಿದ್ದವನು ಫಕ್ಕನೆ ಬಾಯಿ ಮುಚ್ಚಿದ. ಆಮೇಲೆ ಅಂಗಳದಲ್ಲಿ ಏನಾಯಿತೆಂದು ನಾನು ನೋಡಲಿಲ್ಲ, ನನ್ನ ಕೈ ಆಗಲೇ ಚೀಲದೊಳಗಿತ್ತು.

ಬಾಟಲಿ ಬೆರಳಿಗೆ ಸಿಕ್ಕಿತು, ಸೂಜಿಯೂ ಸಿಕ್ಕಿತು. ಅಷ್ಟರಲ್ಲಿ ತಲೆಯಲ್ಲಿ ಒಂದು ಯೋಚನೆ ಇಲಿಯ ಹಾಗೆಯೇ ಸರಕ್ಕನೆ ಹಾದುಹೋಯಿತು. ಈ ಬಾಯಿ ಈಗ ಸುಳ್ಳು ಹೇಳಲಾರದು. ಹತ್ತೊಂಬತ್ತು ವರ್ಷ ನನ್ನನ್ನು ಕಳ್ಳಿ ಎಂದ ಬಾಯಿ ಇದು. ಊರೆಲ್ಲ ಅಂಗಳದಲ್ಲಿದೆ. ಒಂದು ಪ್ರಶ್ನೆ, ಒಂದೇ ಒಂದು.

ನನ್ನ ಕೈ ಖಾಲಿಯಾಗಿ ಹೊರಗೆ ಬಂತು. "ಸ್ಟಾಕ್ ಮುಗದೈತಿ. ನಾಳೆ ಬಸ್ಸಿಗೆ ಬರತೈತಿ," ಎಂದೆ. ಚೀಲವನ್ನು ಕ್ಯಾಲೆಂಡರಿನ ಪಕ್ಕದ ಗೂಟಕ್ಕೆ ನೇತುಹಾಕಿದೆ. ಗದಿಗೆಪ್ಪ ಬದುಕಿನಲ್ಲಿ ಮೊದಲ ಸಲ ನನಗೆ ಕೈ ಮುಗಿದ. ಆದರೆ ನಾನು ಹಾಸಿಗೆಯ ಪಕ್ಕ ಕೂರಲು ಹೋದರೆ ತಡೆದ.

"ಸರದಿ ಅಂದ್ರ ಸರದಿ ಅಕ್ಕಾರ. ನಿಮ್ಮ ಚಪ್ಪಲಿ ಎಲ್ಲಿ?"

"ಇದು ನನ್ನ ಮನಿ, ಗದಿಗೆಪ್ಪ!"

"ಮನಿ ನಿಮ್ಮದು. ಜ್ವರ ಊರಿಂದು."

ಹೀಗೆ ನನ್ನ ಸ್ವಂತ ಮನೆಯ ಮುಂದೆ, ಸ್ವಂತ ಅತ್ತೆಯನ್ನು ಮಾತಾಡಿಸಲು, ನಾನು ನಲವತ್ತಮೂರನೆಯವಳಾಗಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅಡಿಗೆ ಮನೆಗೆ ಹೋದೆ. ನಗಬೇಡಿ. ನಗು ಬರುತ್ತದೆ ಎಂದು ನನಗೂ ಗೊತ್ತು.

ಸಂಜೆ ಹೊತ್ತಿಗೆ ಹತ್ತೊಂಬತ್ತು ಚಪ್ಪಲಿ ಮುಂದೆ ಸರಿದವು. ಮರುದಿನ ಬೆಳಿಗ್ಗೆ ಅತ್ತೆಯ ಮೈ ತಣ್ಣಗಿತ್ತು. ಅರ್ಧ ಗ್ಲಾಸು ಗಂಜಿ ಕುಡಿದು, ಉಪ್ಪು ಕಡಿಮೆಯಾಗಿದೆ ಎಂದು ನನ್ನನ್ನು ಬೈದರು. "ನೋಡ್ರಿ ಅಕ್ಕಾರ, ಸೂಜಿ ಇಲ್ಲದ ಇಳೀತು" ಎಂದ ಗದಿಗೆಪ್ಪ. ದೇವೇಂದ್ರಪ್ಪನ ಮನೆಯಲ್ಲೂ ಯಾರೋ ಹೀಗೇ ಅಂದಿದ್ದರು. ನನಗೆ ಗೊತ್ತಿತ್ತು. ಗೊತ್ತಿದ್ದೂ ಚೀಲ ಗೂಟದಲ್ಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಚಳಿ ಮತ್ತೆ ಬಂತು, ಈ ಸಲ ಹಲ್ಲು ಕಟಕಟ ಎನ್ನುವ ಚಳಿ. ಅಂಗೈಯಲ್ಲಿ ಕೆಂಪು ಗುಳ್ಳೆ ಎದ್ದವು. ಮೊಣಕಾಲು, ಮಣಿಕಟ್ಟು ಬಾತು ಅವರಿಗೆ ನೀರಿನ ಲೋಟ ಹಿಡಿಯಲು ಆಗಲಿಲ್ಲ, ಆದರೂ ಬಂದವರಿಗೆ ಉತ್ತರ ಕೊಡುತ್ತಲೇ ಇದ್ದರು. ನಲವತ್ತೆರಡನೆಯವರು ಎದ್ದರು. ನಾನು ಕೂತೆ. ಬಾಗಿಲಲ್ಲಿ ಊರು ಕತ್ತು ಚಾಚಿತು.

"ಅತ್ತಿ, ನನ್ನ ಮದಿವ್ಯಾದ ಮೂರನೇ ತಿಂಗಳಾಗ ಕಳದ ಬೋರಮಾಳ ಎಲ್ಲೈತ್ರಿ?"

ನನ್ನ ದನಿ ಅಂಗಳಕ್ಕೆ ಕೇಳುವಷ್ಟು ದೊಡ್ಡದಿತ್ತು. ಬೇಕೆಂದೇ ಹಾಗೆ ಕೇಳಿದೆ. ಅತ್ತೆ ನನ್ನನ್ನು ಹತ್ತಿರ ಕರೆದರು. ಆಮೇಲೆ ನನ್ನ ಕಿವಿಗೆ ಮಾತ್ರ ಬೀಳುವ ಹಾಗೆ ಹೇಳಿದರು.

"ಅದಕ್ಕಿಂತ ಮೊದಲ ಔಷಧ ಎಲ್ಲೈತಂತ ಕೇಳು."

ನಾನು ಕೇಳಲಿಲ್ಲ.

"ನಿನ್ನ ಚೀಲದಾಗ ಐತಿ. ಕ್ಯಾಲೆಂಡರ್ ಬಾಜೂಕ, ಗೂಟಕ್ಕ. ನಿನ್ನೆಯಿಂದ ಐತಿ." ಆಮೇಲೆ, "ನೀರು ಕೊಡು" ಎಂದರು.

"ಏನಂದ್ರು? ಏನಂದ್ರು?" ಎಂದು ಬಾಗಿಲಿಂದ ಗದಿಗೆಪ್ಪ.

"ನೀರು ಕೇಳೀನಿ!" ಎಂದು ಅತ್ತೆ ಇದ್ದ ಬಲವನ್ನೆಲ್ಲ ಕೂಡಿಸಿ ಕೂಗಿದರು. ಸುಳ್ಳಂತೂ ಅಲ್ಲ.

ನನಗೆ ನನ್ನ ಮೇಲೆ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ. ಇಡೀ ಊರಿಗೆ ಹೇಳಿದ ಮಾತನ್ನು ಸ್ವಂತ ಮನೆಯಲ್ಲಿ ನುಂಗಿದ್ದೆ, ಒಂದು ಸರಕ್ಕಾಗಿ. ಎದ್ದು ಬಾಗಿಲು ಹಾಕಿದೆ, ಹಾಕುವಾಗ ಗದಿಗೆಪ್ಪನ ಬೆರಳು ಸಿಕ್ಕಿದರೂ ನೋಡಲಿಲ್ಲ. ಚೀಲ ತೆಗೆದೆ. ಮೊದಲು ಸ್ವಲ್ಪ ಚುಚ್ಚಿ ಮೈಗೆ ಒಗ್ಗುತ್ತದೋ ಇಲ್ಲವೋ ನೋಡಿ, ಆಮೇಲೆ ಪೂರ್ತಿ ಕೊಟ್ಟೆ. ಅತ್ತೆ ಒಮ್ಮೆಯೂ ಹಾ ಎನ್ನಲಿಲ್ಲ. ಬಾಟಲಿ ಎಲ್ಲಿಂದ ಬಂತೆಂದು ಊರು ಕೇಳಿದಾಗ, ಬಸ್ಸಿಗೆ ಬಂತು ಎಂದೆ. ನನಗೆ ಜ್ವರ ಇರಲಿಲ್ಲವಲ್ಲ, ಸುಳ್ಳು ಸಲೀಸಾಗಿ ಬಂತು.

ಹತ್ತು ದಿನ ಸೂಜಿ ಚುಚ್ಚಿದೆ. ಅತ್ತೆ ಎದ್ದು ಕೂತರು, ಎದ್ದು ಓಡಾಡಿದರು, ಮೊದಲಿನ ಹಾಗೆ ಬೈಯಲು ಶುರು ಮಾಡಿದರು. ಒಂದು ಮಧ್ಯಾಹ್ನ ಇಬ್ಬರೇ ಇದ್ದಾಗ ಅವರಾಗಿಯೇ ಮಾತು ತೆಗೆದರು.

"ಬೋರಮಾಳ ಎಲ್ಲೈತಿ ನನಗ ಗೊತ್ತಾಗೇತಿ. ಹೇಳೂದಿಲ್ಲ."

"ಯಾಕ್ರಿ?"

"ಔಷಧ ಎಲ್ಲಿತ್ತಂತನೂ ಗೊತ್ತಿತ್ತು. ಮಂದಿಗೆ ಹೇಳಿದ್ನೇನು?"

ನಾನು ಮತ್ತೆ ರೊಟ್ಟಿ ಬಡಿಯತೊಡಗಿದೆ. ಮರುದಿನವೇ ಪಕ್ಕದ ಮನೆಯವಳ ಹತ್ತಿರ, "ಎಲ್ಲಿರತೈತಿ, ಆಕಿ ತವರಾಗ ಇರತೈತಿ" ಎಂದು ಅತ್ತೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಜ್ವರ ಬಿಟ್ಟಿತ್ತಲ್ಲ. ಇನ್ನೊಂದು ಹೊಸತು ಶುರುವಾಗಿತ್ತು. ಮೂವತ್ತು ವರ್ಷ ಪಡಸಾಲೆಯಲ್ಲಿ ಮಲಗುತ್ತಿದ್ದ ಅತ್ತೆ ಚಾಪೆಯನ್ನು ಅಡಿಗೆ ಮನೆಗೆ ಒಯ್ದರು. ನೆಲದಲ್ಲಿ ಹೂತ ರುಬ್ಬುವ ಒಳಕಲ್ಲು ಇದೆಯಲ್ಲ, ಅದರ ಮಗ್ಗುಲಿಗೇ ಹಾಸಿ ಹಗಲೆಲ್ಲ ಅಲ್ಲೇ ಕೂರುತ್ತಿದ್ದರು. "ಇಲ್ಲೆ ತಂಪೈತಿ" ಎನ್ನುತ್ತಿದ್ದರು. ಒಲೆಗೆ ಎರಡು ಮೊಳ ದೂರ, ಎಂಥ ತಂಪು ಎಂದು ಕೊಟ್ರೇಶ ಕೇಳಿದ್ದಕ್ಕೆ ಬೈಸಿಕೊಂಡ. ನಾನು ನೆಲ ಸಾರಿಸಬೇಕು ಎಂದರೂ ಆ ಚಾಪೆ ಏಳುತ್ತಿರಲಿಲ್ಲ.

ಕುತೂಹಲ ಕೆಟ್ಟದ್ದು. ನಾಚಿಕೆ ಒಂದು ವಾರಕ್ಕೆ ಹಳೆಯದಾಯಿತು, ಕುತೂಹಲ ದಿನಾ ಹೊಸದಾಗಿ ಹುಟ್ಟುತ್ತಿತ್ತು. ಅಷ್ಟರಲ್ಲಿ ಒಂದು ಸೋಮವಾರ ದವಾಖಾನೆಯ ಕೆಳಗಿನ ಕಪಾಟಿನಿಂದ ಹತ್ತಿಯ ಸುರುಳಿ ಎಳೆಯಲು ಹೋದಾಗ ಎಡಗೈ ಕಿರುಬೆರಳಿಗೆ ಇಲಿ ಕಚ್ಚಿತು. ನಾನು ಕೊಟ್ಟ ಬೆರಳಲ್ಲ ಅದು, ದೇವರಾಣೆ. ತಕ್ಷಣ ನಲ್ಲಿಯ ಕೆಳಗೆ ಹಿಡಿದು ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದೆ, ಊರಿಗೆಲ್ಲ ಹೇಳಿಕೊಡುವ ಹಾಗೆಯೇ. ಅದಾದ ಮೇಲೆ ನುಂಗಬೇಕಾದ ಗುಳಿಗೆಗಳು ಮೇಲಿನ ಕಪಾಟಿನಲ್ಲಿದ್ದವು. ಕಪಾಟು ತೆಗೆದೆ, ಗುಳಿಗೆಗಳನ್ನು ನೋಡಿದೆ, ಕಪಾಟು ಹಾಕಿದೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಈಳಿಗೆ ತಾಗಿತು ಎಂದು ಮನೆಯಲ್ಲಿ ಹೇಳಿದೆ. ಒಂದು ತಾಸು ಜ್ವರ ಬಂದರೆ ಸಾಕು, ನೋಡಿಕೊಂಡು ನಾನೇ ಸೂಜಿ ಚುಚ್ಚಿಕೊಳ್ಳುತ್ತೇನೆ ಎಂದು ಲೆಕ್ಕ ಹಾಕಿದ್ದೆ.

ಎಂಟನೇ ದಿನ, ಮಂಗಳವಾರ ಬೆಳಿಗ್ಗೆ, ಚಳಿ ಹುಟ್ಟಿತು. ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಸೂಜಿ ಚುಚ್ಚಿಕೊಳ್ಳುವುದಿರಲಿ, ಎದ್ದು ಕೂರಲಿಕ್ಕೂ ಆಗಲಿಲ್ಲ. ಮೊಣಕಾಲಿನಲ್ಲಿ ಯಾರೋ ಮೊಳೆ ಹೊಡೆದಂತಿತ್ತು. ದವಾಖಾನೆಯ ಕೀಲಿ ನನ್ನ ಸೊಂಟದಲ್ಲಿ, ಔಷಧ ದವಾಖಾನೆಯಲ್ಲಿ. ಹೀಗೆ ಬಿದ್ದುಕೊಂಡು ಜನರ ಪ್ರಶ್ನೆಗೆ ಉತ್ತರ ಕೊಟ್ಟರಲ್ಲ ಅತ್ತೆ, ಒಂದೂವರೆ ದಿನ, ಅದು ನನಗೆ ಆಗ ಅರ್ಥವಾಯಿತು.

ಆಗ ಜ್ವರದಲ್ಲಿ ಊರು ಕಾಣತೊಡಗಿತು. ನೆಲದ ಮಟ್ಟದಿಂದ, ಎಲ್ಲ ಒಟ್ಟಿಗೆ. ಗಿರಣಿಯ ಪಟ್ಟದ ಕೆಳಗೆ ಬಿದ್ದ ಯಾರದೋ ಮೂಗುಬೊಟ್ಟು. ಶಾಲೆಯ ಅಟ್ಟದಲ್ಲಿ ಮೂಲೆ ಮೂಲೆ ತಿಂದ ಹಾಜರಿ ಪುಸ್ತಕ. ನಮ್ಮ ದೇವರ ಫೋಟೋದ ಹಿಂದೆ ಕೊಟ್ರೇಶನ ಬೀಡಿ ಕಟ್ಟು. ಆಮೇಲೆ ನಮ್ಮ ಅಡಿಗೆ ಮನೆಯ ಒಳಕಲ್ಲು, ಅದರ ಪಕ್ಕದ ಸಂದು, ಸಂದಿನೊಳಗೆ ಬಿಲ, ಬಿಲದಲ್ಲಿ ಹರಿದ ಬಟ್ಟೆಯ ಚೂರು, ಬಟ್ಟೆಯಲ್ಲಿ ಬೋರಮಾಳ. ಹತ್ತೊಂಬತ್ತು ವರ್ಷದ ಹಿಂದೆ ಒಂದು ಇಲಿ ಅದನ್ನು ಎಳೆದೊಯ್ದದ್ದು ಕಂಡಿತು. ಅಷ್ಟೇ ಆಗಿದ್ದರೆ ಗುಡ್ಡ ಅಗೆದು ಇಲಿ ಹಿಡಿದಂತೆ ಎಂದು ನಕ್ಕುಬಿಡುತ್ತಿದ್ದೆ. ಆದರೆ ಇಲಿಗಳು ಮೊನ್ನೆ ಮೊನ್ನೆಯದನ್ನೂ ನೋಡಿದ್ದವು.

ನಾನು ದವಾಖಾನೆಗೆ ಹೋದ ಒಂದು ಮಧ್ಯಾಹ್ನ ಅತ್ತೆ ಅಡಿಗೆ ಮನೆಯ ನೆಲದ ಮೇಲೆ ಬೋರಲು ಮಲಗಿ, ಸೌಟಿನ ಹಿಡಿಯಿಂದ ಸರವನ್ನು ಹೊರಗೆ ಎಳೆಯುತ್ತಾರೆ. ಸೆರಗಿನಿಂದ ಒರೆಸಿ ಕೊರಳಿಗೆ ಹಾಕಿಕೊಂಡು, ಹಿತ್ತಾಳೆ ಕೊಡದ ಹೊಟ್ಟೆಯಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಅಳುತ್ತಾರೆ. "ಹತ್ತೊಂಬತ್ತು ವರ್ಷ ಬೈದೀನಿ. ಈಗ ಯಾವ ಬಾಯಿಲೆ ಹೇಳ್ಲಿ ಆಕಿಗೆ?" ಎಂದು ಒಳಕಲ್ಲಿಗೆ ಹೇಳುತ್ತಾರೆ. ಸರ ತೆಗೆದು ಬಟ್ಟೆ ಸುತ್ತಿ, ಸೌಟಿನಿಂದ ಮೊದಲಿಗಿಂತ ಒಂದು ಗೇಣು ಒಳಗೆ ನೂಕಿ, ಸಂದಿಗೆ ಹಸಿ ಮಣ್ಣು ಮೆತ್ತಿ, ಅದರ ಮೇಲೆ ಚಾಪೆ ಹಾಸಿ ಕೂರುತ್ತಾರೆ.

ನಾನು ಕಣ್ಣು ತೆರೆದಾಗ ಅಂಗಳದಲ್ಲಿ ಗದಿಗೆಪ್ಪನ ದನಿ ಕೇಳುತ್ತಿತ್ತು. ಸೆಟ್ಟು ವಾಪಸು ಬಂದ ಮೇಲೆ ಅವನ ಮಾತು ಊರಿಗೆಲ್ಲ ಸ್ಪಷ್ಟವಾಗಿ ಕೇಳುತ್ತದೆ. "ಬಾಯಿ ಮುಚ್ಚಸಾಕಿ ಬಾಯಿ ಇವತ್ತ ತಗೀತೈತ್ರೋ, ಸಾಲ ಹಚ್ಚ್ರಿ!" ಊರಿಗೆ ಹಬ್ಬ. ಅವನು ನಿಂಬೆಹಣ್ಣು ಹಿಡಿದು ಒಳಗೆ ಬಂದು ಕೂತ. ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಚಟಚಟ ಸದ್ದಾಯಿತು. ಕೊಟ್ರೇಶ ಆಮೇಲೆ ಹೇಳಿದ, ಅತ್ತೆ ಊರುಗೋಲಿನಿಂದ ಮೂವತ್ತು ಜೊತೆ ಚಪ್ಪಲಿಯನ್ನು ಗಟಾರಕ್ಕೆ ತಳ್ಳಿದರಂತೆ. ಒಳಗೆ ಬಂದು ನನ್ನ ಬೆರಳಿನ ಬಟ್ಟೆ ಬಿಚ್ಚಿ ನೋಡಿದರು.

"ಈಳಿಗಿಗೆ ಹಲ್ಲು ಯಾವಾಗ ಬಂದುವು?" ಎಂದು ನನ್ನನ್ನು ಕೇಳಿ, ಗದಿಗೆಪ್ಪನ ಕಡೆ ತಿರುಗಿದರು. "ಏಳೋ ಮ್ಯಾಲೆ! ಮೊದಲ ಸೂಜಿ, ಆಮ್ಯಾಲ ಮಾತು!"

ನನ್ನ ಸೊಂಟದಿಂದ ಕೀಲಿ ಕಿತ್ತುಕೊಂಡು ಹೋದರು. ಮುಂದಿನದನ್ನು ಬಸ್ಸಿನ ಕಂಡಕ್ಟರ್ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಾನೆ. ಒಂಬತ್ತಕ್ಕೆ ಬಂದ ಡಾಕ್ಟರು, ದವಾಖಾನೆಗೆ ಬೀಗ ನೋಡಿ, ಸ್ವಲ್ಪ ಕಾದು ತಿರುಗಿ ಬಸ್ಸು ಹತ್ತಿ ಕೂತಿದ್ದರು. ಬಸ್ಸು ಸಂತೆಯ ತಿರುವಿಗೆ ಬಂದಾಗ ನಡುರಸ್ತೆಯಲ್ಲಿ ಒಬ್ಬ ಮುದುಕಿ ಕಾಲು ಚಾಚಿ ಕೂತಿದ್ದಳು. ಡ್ರೈವರ್ ಹಾರ್ನ್ ಹೊಡೆದ. "ಡಾಕ್ಟರನ್ನ ಇಳಿಸು, ಇಲ್ಲಾಂದ್ರ ನನ್ನ ಮ್ಯಾಲ ಹಾಯಿಸಿಕೊಂಡು ಹೋಗು" ಎಂದಳು. ಡಾಕ್ಟರು ಇಳಿದರು. ಮೊಣಕಾಲಿನ ಬಾವು ಇನ್ನೂ ಇಳಿಯದ ಹೆಂಗಸು ಅವರನ್ನು ಮುಂದೆ ಹಾಕಿಕೊಂಡು ದವಾಖಾನೆಗೆ ಹೋಗಿ, ಅಲ್ಲಿಂದ ಮನೆಗೆ, ದಾರಿಯುದ್ದ ನಡೆಸಿಕೊಂಡು ಬಂದಳು. ನಾನು ಅತ್ತೆಯನ್ನು ಕಾಯಿಸಿದ್ದು ಒಂದೂವರೆ ದಿನ. ಅವರು ನನ್ನನ್ನು ಕಾಯಿಸಿದ್ದು ಒಂದು ತಾಸೂ ಅಲ್ಲ.

"ಕಚ್ಚಿ ಎಷ್ಟು ದಿನ ಆಯ್ತು ಸಿಸ್ಟರ್?" ಎಂದರು ಡಾಕ್ಟರು, ಬಾಟಲಿಗೆ ಸೂಜಿ ಚುಚ್ಚುತ್ತಾ.

"ಎಂಟು ದಿನ ಸರ್."

"ಮಾತ್ರೆ ಇರಲಿಲ್ವಾ?"

"ಇತ್ತು ಸರ್, ಕಪಾಟದಾಗ." ಸುಳ್ಳು ಹೇಳಲು ಎಷ್ಟು ಒದ್ದಾಡಿದರೂ ಬರಲಿಲ್ಲ.

"ಮತ್ತೆ ಯಾಕೆ ತಗೊಳ್ಳಲಿಲ್ಲ?"

ಬಾಗಿಲಲ್ಲಿ ಗದಿಗೆಪ್ಪ, ಅವನ ಹಿಂದೆ ಅವನ ಅಣ್ಣ, ಅವರ ಹಿಂದೆ ಬರಿಗಾಲಿನ ಊರು. ನನ್ನ ಬಾಯಿ ತಾನಾಗಿಯೇ ತೆರೆಯಿತು. "ಬೋರಮಾಳ..." ಎಂದೆ. ಅಷ್ಟರಲ್ಲಿ ಅತ್ತೆಯ ಅಂಗೈ ನನ್ನ ಬಾಯಿ ಮುಚ್ಚಿತು. ಬೆಳ್ಳುಳ್ಳಿ ವಾಸನೆಯ, ಗಂಟುಗಂಟಾದ ಕೈ. "ಸುಮ್ನ ಇರು, ಯವ್ವಾ. ಮೊದಲ ಸೂಜಿ" ಎಂದರು. ಅವರು ನನ್ನನ್ನು ಯವ್ವಾ ಎಂದದ್ದು ಅದೇ ಮೊದಲು. ಆ ಕೈ ತಮ್ಮ ಗುಟ್ಟಿಗಾಗಿ ಬಂತೋ ನನಗಾಗಿ ಬಂತೋ ಎಂದು ಕೇಳಿದರೆ, ಎರಡಕ್ಕೂ ಎನ್ನುತ್ತೇನೆ. ಆದರೆ ಗುಟ್ಟಿಗಾಗಿ ಯಾರೂ ಬಸ್ಸಿನ ಮುಂದೆ ಕಾಲು ಚಾಚಿ ಕೂರುವುದಿಲ್ಲ. ನಾನು ಅವರ ಅಂಗೈಯೊಳಗೇ ಅತ್ತುಬಿಟ್ಟೆ. ಸೂಜಿ ನೋಯುತ್ತದೆ ಎಂದು ಅಳುತ್ತಿದ್ದೇನೆಂದು ಊರು ನಕ್ಕಿತು.

ಮರುದಿನಕ್ಕೆ ಜ್ವರ ಇಳಿಯಿತು. ಮೂರನೇ ದಿನ ಎದ್ದು ಅಡಿಗೆ ಮನೆಗೆ ಹೋದೆ. ಅತ್ತೆ ಚಾಪೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಪಕ್ಕದ ಮನೆಯವಳು ಮೊರ ಕೇಳುವ ನೆಪದಲ್ಲಿ ಬಂದು ನಿಂತಿದ್ದಳು. ಅತ್ತೆ ತಲೆ ಎತ್ತಲಿಲ್ಲ. ಒಂದೇ ತೊಟ್ಟನ್ನು ಮೂರು ಸಲ ಕಿತ್ತರು.

"ಜ್ವರದಾಗ ಎಲ್ಲಾ ಕಂಡಿರಬೇಕಲ್ಲ," ಎಂದರು. "ಬೋರಮಾಳ ಎಲ್ಲೈತಂತ ಗೊತ್ತಾತೇನು?"

ಪಕ್ಕದ ಮನೆಯವಳ ಕಿವಿ ನಿಮಿರಿತು. ಅತ್ತೆಯ ಕೈ ನಿಂತಿತ್ತು. ನಾನು ಚಾಪೆಯನ್ನು ನೋಡಿದೆ, ಒಳಕಲ್ಲನ್ನು ನೋಡಿದೆ, ಹೊಸ ಮಣ್ಣಿನ ಮೆತ್ತೆಯ ಒಂದು ಅಂಚು ಚಾಪೆಯಿಂದ ಹೊರಗೆ ಕಾಣುತ್ತಿದ್ದದ್ದನ್ನು ನೋಡಿದೆ. ಕಾಲಿನಿಂದ ಚಾಪೆಯ ತುದಿಯನ್ನು ಮೆಲ್ಲಗೆ ಅದರ ಮೇಲಕ್ಕೆ ಸರಿಸಿದೆ.

"ಗೊತ್ತಾತ್ರಿ ಅತ್ತಿ," ಎಂದೆ. "ನನ್ನ ತವರಾಗ ಐತಿ."

ಅತ್ತೆ ತಲೆ ಎತ್ತಿ ನನ್ನ ಮುಖ ನೋಡಿದರು. ಮೆಣಸಿನಕಾಯಿಯ ಘಾಟಿಗೋ ಏನೋ ಕಣ್ಣಲ್ಲಿ ನೀರು ತುಂಬಿತ್ತು. ಆಮೇಲೆ ಸೆರಗು ಸರಿ ಮಾಡಿಕೊಂಡು, ಪಕ್ಕದ ಮನೆಯವಳ ಕಡೆ ತಿರುಗಿ, ಗೆದ್ದವರ ಗತ್ತಿನಲ್ಲಿ ಹೇಳಿದರು:

"ನಾ ಮೊದಲ ಹೇಳಿದ್ನಿಲ್ಲೋ?"